ಗಾರೆ ಮೇಸ್ತ್ರಿ ಅಪ್ಪನ ಜೊತೆ ಐರ್ಲೆಂಡಿನ ಪಾಳುಕೋಟೆಗಳಲ್ಲಿ ಐದು ದಿನ

ಅಪ್ಪ ಡಬ್ಲಿನ್‌ಗೆ ಬಂದು ಹತ್ತು ದಿನವಾಗಿತ್ತು. ಪಾರ್ಕು, ಮ್ಯೂಸಿಯಂ, ಸಮುದ್ರ ಎಲ್ಲ ನೋಡಿ ಮುಗಿದಿತ್ತು. ಬೇಜಾರಿಲ್ಲದೆ ನೋಡಿದರು. ಆದರೆ ಯಾವುದರ ಮುಂದೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಭಾನುವಾರ ಬಸ್ಸಿನಲ್ಲಿ ಹೋಗುವಾಗ ಹೊಲದ ನಡುವೆ ಮುರಿದ ಕಲ್ಲಿನ ಗೋಪುರವೊಂದು ಕಂಡಿತು. ಅಪ್ಪ ಸೀಟಿನಿಂದ ಅರ್ಧ ಎದ್ದು, ಅದು ಮರೆಯಾಗುವವರೆಗೂ ಕತ್ತು ತಿರುಗಿಸಿ ನೋಡಿದರು. "ಅದು ಸುಣ್ಣದ ಗಾರೆ ಕೆಲ್ಸ ಕಣವ್ವ. ಹತ್ರ ಹೋಗಕ್ಕೆ ಬುಡ್ತಾರಾ?" ಅಂದರು.

ಅಪ್ಪ ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯವರು. ನಲವತ್ತು ವರ್ಷ ಗಾರೆ ಕೆಲಸ ಮಾಡಿದ್ದಾರೆ. ನಮ್ಮ ತಾತನೂ ಅದೇ ಕೆಲಸದವರು. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ, ಮರಳು ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಹದ ಮಾಡುತ್ತಿದ್ದುದನ್ನು ಅಪ್ಪ ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದಾರೆ. ಆಮೇಲೆ ಸಿಮೆಂಟ್ ಬಂತು, ಗಾಣ ಹೋಯಿತು. ಆದರೆ ಹಳೇ ಗೋಡೆ ಕಂಡರೆ ಅವರ ಕೈ ತಾನಾಗಿಯೇ ಮುಂದೆ ಹೋಗುತ್ತದೆ.

ಐರ್ಲೆಂಡಿನಲ್ಲಿ ಇಂಥ ಗೋಡೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಸು ಮೇಯುವ ಹೊಲದಲ್ಲಿ, ಹೆದ್ದಾರಿ ಪಕ್ಕದಲ್ಲಿ, ಯಾರದೋ ಮನೆ ಹಿತ್ತಲಲ್ಲಿ ಸಿಗುತ್ತವೆ. ಸುಮಾರು 1400ರಿಂದ 1650ರವರೆಗೆ ಕಟ್ಟಿದ ಗೋಪುರ ಮನೆಗಳೇ 3000ದ ಹತ್ತಿರ ಇದ್ದವು ಅನ್ನುವ ಅಂದಾಜಿದೆ. ಇಡೀ ದ್ವೀಪ ನಮ್ಮ ಕರ್ನಾಟಕದ ಅರ್ಧಕ್ಕಿಂತ ಚಿಕ್ಕದು ಅಂತ ನೆನಪಿಟ್ಟುಕೊಂಡರೆ ಆ ಸಂಖ್ಯೆಯ ದಟ್ಟಣೆ ಗೊತ್ತಾಗುತ್ತದೆ.

ಮೇ ಕೊನೆಯ ವಾರ ಐದು ದಿನ ರಜೆ ಹಾಕಿದೆ. ಬಾಡಿಗೆ ಕಾರು ತೆಗೆದುಕೊಂಡೆ. ಇಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಈ ಕಾಲದಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ, ಹಾಗಾಗಿ ದಿನ ತುಂಬ ಉದ್ದ. ಅಪ್ಪ ಒಂದು ಪಾಕೆಟ್ ಡೈರಿ, ಒಂದು ಪೆನ್ಸಿಲ್ ಜೇಬಿಗೆ ಹಾಕಿಕೊಂಡರು. ಟೇಪ್ ಬೇಡ, ಮೊಳ ಸಾಕು ಅಂದರು.

ಮೊದಲ ದಿನ: ಟ್ರಿಮ್

ಡಬ್ಲಿನ್‌ನಿಂದ ವಾಯುವ್ಯಕ್ಕೆ ಒಂದು ಗಂಟೆಯೊಳಗಿನ ದಾರಿ, ಮೀತ್ ಕೌಂಟಿ. ಬಾಯ್ನ್ ನದಿ ದಂಡೆಯಲ್ಲಿ ಟ್ರಿಮ್ ಕೋಟೆ ಕೂತಿದೆ. ನಾರ್ಮನ್ನರು ಐರ್ಲೆಂಡಿನಲ್ಲಿ ಕಟ್ಟಿದ ಕೋಟೆಗಳಲ್ಲಿ ಇದೇ ದೊಡ್ಡದು.

ಕತೆ ಶುರುವಾಗುವುದು 1172ರಲ್ಲಿ. ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಮೀತ್ ಸೀಮೆಯನ್ನು ಹ್ಯೂ ಡಿ ಲೇಸಿ ಅನ್ನುವ ನಾರ್ಮನ್ ಸರದಾರನಿಗೆ ಕೊಟ್ಟ. ಡಿ ಲೇಸಿ ಮೊದಲು ಮಣ್ಣು ಮತ್ತು ಮರದಲ್ಲಿ ಕೋಟೆ ಕಟ್ಟಿದ. ಐರಿಶ್ ರಾಜ ರೋರಿ ಓಕಾನರ್‌ನ ದಂಡು ಮೇಲೆ ಬಂದಾಗ ಅದು ಸುಟ್ಟುಹೋಯಿತು. ಆಮೇಲೆ ಕಲ್ಲಿನಲ್ಲಿ ಎಬ್ಬಿಸಿದರು. ಮುಗಿಸಲು ಮೂವತ್ತು ವರ್ಷದ ಹತ್ತಿರ ಹಿಡಿಯಿತು. ಕಟ್ಟಿಸಿದವನು ಪೂರ್ತಿ ಆಗಿದ್ದನ್ನು ನೋಡಲಿಲ್ಲ. 1186ರಲ್ಲಿ ಡರೋ ಅನ್ನುವ ಜಾಗದಲ್ಲಿ ಇನ್ನೊಂದು ಕೋಟೆಯ ಕೆಲಸ ನೋಡಲು ಹೋಗಿದ್ದಾಗ ಒಬ್ಬ ಐರಿಶ್ ಯುವಕ ಕೊಡಲಿಯಿಂದ ಅವನ ತಲೆ ಕಡಿದ.

ನಡುವಿನ ದೊಡ್ಡ ಗೋಪುರದ ಆಕಾರವೇ ಬೇರೆ ಥರ. ಚೌಕದ ಕಟ್ಟಡ, ಅದರ ನಾಲ್ಕು ಮುಖಕ್ಕೂ ಒಂದೊಂದು ಸಣ್ಣ ಚೌಕದ ಗೋಪುರ ಅಂಟಿಸಿದ ಹಾಗೆ. ಒಂದು ಬಿದ್ದುಹೋಗಿ ಈಗ ಮೂರು ಉಳಿದಿವೆ. ಒಟ್ಟು 20 ಮೂಲೆ. ಅಪ್ಪ ಸುತ್ತ ನಡೆದು ಮೂಲೆ ಎಣಿಸಿದರು. "ಇಷ್ಟೊಂದು ಮೂಲೆ ಯಾಕವ್ವ? ಒಂದೊಂದು ಮೂಲೆಗೂ ಕೆತ್ತಿದ ಕಲ್ಲು ಬೇಕು, ತೂಕದ ಗುಂಡು ಹಿಡ್ಕೊಂಡು ನಿಲ್ಬೇಕು. ವೈರಿ ಬಂದ್ರೂ ಮೊದ್ಲು ಕೀಳೋದು ಮೂಲೆಗಲ್ಲೇ. ಇದು ಕಾಯಕ್ಕೆ ಕಟ್ಟಿದ್ದಲ್ಲ, ತೋರ್ಸಕ್ಕೆ ಕಟ್ಟಿದ್ದು." ಕೋಟೆಗಳ ಬಗ್ಗೆ ಓದಿದವರೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತಾರೆ. ಹೊಸ ಒಡೆಯ ಬಂದಿದ್ದಾನೆ ಅಂತ ಇಡೀ ಸೀಮೆಗೆ ಸಾರುವ ಕಟ್ಟಡ ಅದು.

ಒಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಒಳಗೆ ಹೋದಾಗ ಹಳೇ ಸೂರು ಇಲ್ಲ, ಮಹಡಿ ಇಲ್ಲ. ತೊಲೆ ಕೂರಿಸಿದ್ದ ಗುರುತುಗಳು ಮಾತ್ರ ಗೋಡೆಯ ಮೇಲೆ ಸಾಲಾಗಿ ಕಾಣುತ್ತವೆ. ಬಾಗಿಲ ಬಳಿ ಅಪ್ಪ ಗೋಡೆಯ ದಪ್ಪ ಅಳೆದರು. ಏಳು ಮೊಳ. ಅಂದರೆ 3 ಮೀಟರ್ ಮೇಲೆ. ಡೈರಿಯಲ್ಲಿ ಬರೆದುಕೊಂಡರು.

ಹೊರಗಿನ ಗೋಡೆಯ ತುಂಬ ಒಂದೇ ಅಳತೆಯ ತೂತುಗಳು, ಒಂದೇ ಸಾಲಿನಲ್ಲಿ. ಬಾಣ ಬಿಡುವ ಕಿಂಡಿ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅಪ್ಪ ತಲೆ ಅಲ್ಲಾಡಿಸಿದರು. "ಸಾರ್ವೆ ತೂತು ಮಗ. ಮರ ಸಿಕ್ಕಿಸಿ ಅದ್ರ ಮೇಲೆ ಹಲಗೆ ಹಾಕಿ ನಿಂತ್ಕೊಂಡು ಕಟ್ಟವ್ರೆ. ನಾವೂ ಹಂಗೇ ಕಟ್ತಿದ್ದಿದ್ದು. ಕೆಲ್ಸ ಮುಗಿದ್ ಮೇಲೆ ನಾವು ಮುಚ್ತೀವಿ, ಇವ್ರು ಹಂಗೇ ಬುಟ್ಟವ್ರೆ." ಗೈಡ್‌ಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಮುಖ ಅರಳಿತು. ಆ ತೂತುಗಳಲ್ಲೇ ಕೆಲವು ಕಡೆ ಓಕ್ ಮರದ ತುಂಡು ಸಿಕ್ಕಿವೆಯಂತೆ. ಮರದ ಒಳಗಿನ ವರ್ಷದ ಉಂಗುರ ಎಣಿಸಿ ಅದನ್ನು ಯಾವಾಗ ಕಡಿದರು ಅಂತ ಲೆಕ್ಕ ಹಾಕಿದ್ದಾರೆ. 1170ರ ದಶಕದಲ್ಲಿ ಕೆಲಸ ಶುರುವಾಗಿ, ನಿಂತು, ಮತ್ತೆ ಶುರುವಾಗಿ, 1200 ದಾಟಿದ ಮೇಲೆ ಮುಗಿಯಿತು ಅಂತ ಗೊತ್ತಾಗಿದ್ದು ಆ ಸಾರುವೆ ಮರಗಳಿಂದ. ರಾಜರ ಕಾಗದಪತ್ರ ಹೇಳದೆ ಇದ್ದಿದ್ದನ್ನು ಕೂಲಿಯವರು ನಿಂತ ಮರ ಹೇಳಿತು. ಇದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಕೈ ಎತ್ತಿ ಒಂದು ತೂತಿನ ಅಂಚನ್ನು ಸವರಿದರು.

ಸಂಜೆ ಊರೊಳಗೆ ನಡೆದೆವು. ಅಲ್ಲೊಂದು ಎತ್ತರದ ಕಂಬ, ಮೇಲೆ ಒಬ್ಬನ ಪ್ರತಿಮೆ. ನಮ್ಮ ಕಡೆಯವರು ಆ ಕಂಬದ ಮುಂದೆ ಒಂದು ನಿಮಿಷ ನಿಲ್ಲಲೇಬೇಕು. ಅವನು ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು. ಹುಟ್ಟಿದ್ದು ಡಬ್ಲಿನ್‌ನಲ್ಲಿ. ಅವನ ಮನೆತನದ ಆಸ್ತಿ ಇದ್ದದ್ದು ಟ್ರಿಮ್ ಹತ್ತಿರದ ಡಂಗನ್‌ನಲ್ಲಿ. 1790ರಲ್ಲಿ ಇದೇ ಟ್ರಿಮ್‌ನಿಂದ ಐರ್ಲೆಂಡಿನ ಪಾರ್ಲಿಮೆಂಟಿಗೆ ಆರಿಸಿ ಹೋದ. ಒಂಬತ್ತು ವರ್ಷದ ಮೇಲೆ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಗೋಡೆ ಒಡೆದು ಟಿಪ್ಪು ಸುಲ್ತಾನ್ ಸತ್ತಾಗ ಅವನು ಆ ಸೈನ್ಯದಲ್ಲಿದ್ದ. ಆಮೇಲೆ ಪಟ್ಟಣದ ಅಧಿಕಾರ ಅವನ ಕೈಗೇ ಬಂತು. ದರಿಯಾ ದೌಲತ್‌ನಲ್ಲಿ ವಾಸವಿದ್ದ. ಈ ಕಂಬ 1817ರದು.

ಅಪ್ಪ ಬೆಳೆದದ್ದು ಆ ಒಡೆದ ಗೋಡೆಯ ಜಾಗಕ್ಕೆ ನಡೆದು ಹೋಗುವಷ್ಟು ದೂರದಲ್ಲಿ. ಎಮ್ಮೆ ಮೇಯಿಸಿಕೊಂಡು ಅದರ ಮೇಲೆ ಹತ್ತಿ ಇಳಿದವರು. ತುಂಬ ಹೊತ್ತು ಕಂಬದ ಕೆಳಗೆ ತಲೆಯೆತ್ತಿ ನಿಂತಿದ್ದರು. "ಇಲ್ಲಿಂದ ಅಲ್ಲಿಗೆ ಬಂದ್ನಾ ಇವ್ನು," ಅಂದರು. ಅಷ್ಟೇ. ರಾತ್ರಿ ಅಮ್ಮನಿಗೆ ವಾಟ್ಸಾಪ್ ಮಾಡಿದಾಗ ಕೋಟೆಗಿಂತ ಮೊದಲು ಕಂಬದ ವಿಷಯವನ್ನೇ ಹೇಳಿದರು.

ಎರಡನೇ ದಿನ: ಡನಮೇಸ್, ಕಾರ್ಲೋ

ಬೆಳಿಗ್ಗೆ ಬೇಗ ಹೊರಟು ಲೀಷ್ ಕೌಂಟಿಯ ಕಡೆಗೆ. ಪೋರ್ಟ್‌ಲೀಷ್ ಊರಿನ ಹತ್ತಿರ ಸಮತಟ್ಟು ಹೊಲಗಳ ನಡುವೆ ಒಂದು ಸುಣ್ಣಕಲ್ಲಿನ ಬಂಡೆಗುಡ್ಡ ಥಟ್ಟನೆ ಎದ್ದು ನಿಂತಿದೆ, 46 ಮೀಟರ್ ಎತ್ತರ. ಅದೇ ರಾಕ್ ಆಫ್ ಡನಮೇಸ್. ಟಿಕೆಟ್ ಇಲ್ಲ, ಕಾವಲಿಲ್ಲ. ಕಾರು ನಿಲ್ಲಿಸಿ ಹತ್ತುವುದು ಅಷ್ಟೇ. ದಾರಿಯುದ್ದಕ್ಕೂ ಹಾಥಾರ್ನ್ ಅನ್ನುವ ಮುಳ್ಳುಗಿಡ ಬಿಳಿ ಹೂ ಹೊತ್ತು ನಿಂತಿತ್ತು. ಒಂಟಿ ಹಾಥಾರ್ನ್ ಮರವನ್ನು ಇಲ್ಲಿನ ಹಳ್ಳಿಯವರು ಕಡಿಯುವುದಿಲ್ಲ. ಅದು ಯಕ್ಷಿಣಿಯರ ಜಾಗ ಅನ್ನುವ ನಂಬಿಕೆ. ನಮ್ಮೂರಲ್ಲಿ ಮುನಿಯಪ್ಪನ ಮರ ಮುಟ್ಟಲ್ಲ ಅಲ್ವಾ, ಹಾಗೆ.

ಈ ಕೋಟೆ ಒಬ್ಬ ಹೆಣ್ಣುಮಗಳ ಬಳುವಳಿ. ಲೆನ್‌ಸ್ಟರ್‌ನ ರಾಜ ಡರ್ಮಟ್ ಮ್ಯಾಕ್‌ಮರೋ ಪಟ್ಟ ಕಳೆದುಕೊಂಡು ನಾರ್ಮನ್ನರ ಸಹಾಯ ಕೇಳಿದ. ಬಂದ ಸರದಾರ ಸ್ಟ್ರಾಂಗ್‌ಬೋಗೆ 1170ರಲ್ಲಿ ವಾಟರ್‌ಫರ್ಡ್‌ನಲ್ಲಿ ಮಗಳು ಈಫಾಳನ್ನು ಧಾರೆ ಎರೆದ. ಡನಮೇಸ್ ಅವಳ ಜೊತೆ ಹೋಯಿತು. ಈಫಾಳ ಮಗಳು ಇಸಬೆಲ್‌ಳನ್ನು 1189ರಲ್ಲಿ ಮದುವೆಯಾದವನು ವಿಲಿಯಂ ಮಾರ್ಷಲ್, ಆ ಕಾಲದ ಹೆಸರುವಾಸಿ ಯೋಧ. ಕೋಟೆ ಅವನ ಕೈ ಸೇರಿತು. ಹೀಗೆ ತಾಯಿ, ಮಗಳು ಇಬ್ಬರ ಸೆರಗು ಹಿಡಿದು ಒಂದು ಸೀಮೆಯೇ ಕೈ ಬದಲಾಯಿಸಿತು. ಬಂಡೆಯ ಮೇಲೆ ನಿಂತು ಸುತ್ತ ಹಸಿರು ನೋಡುವಾಗ ನನಗೆ ಸ್ಟ್ರಾಂಗ್‌ಬೋಗಿಂತ ಈಫಾಳದ್ದೇ ಯೋಚನೆ. ಅವಳನ್ನು ಯಾರಾದರೂ ಕೇಳಿದ್ದರಾ?

ಈಗ ಅಲ್ಲಿ ಉಳಿದಿರುವುದು ಹೆಬ್ಬಾಗಿಲ ತುಂಡು, ಕೊತ್ತಲದ ತುಂಡು, ಮೇಲೆ ದೊಡ್ಡ ಹಜಾರದ ಅರ್ಧ ಗೋಡೆ. 1650ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಕಡೆಯ ಸೇನಾಪತಿ ಕ್ರಾಮ್‌ವೆಲ್‌ನ ಸೈನ್ಯ, ಮತ್ತೆ ಯಾರೂ ಬಂದು ಸೇರಿಕೊಳ್ಳಬಾರದು ಅಂತ ಬೇಕೆಂದೇ ಕೆಡವಿತು. ದೊಡ್ಡ ದೊಡ್ಡ ಗೋಡೆ ತುಂಡುಗಳು ಬಿದ್ದಲ್ಲೇ ಬಿದ್ದಿವೆ, ಗಾರೆ ಬಿಟ್ಟಿಲ್ಲ. ಮುರಿದ ಕಡೆ ಗೋಡೆಯ ಒಳಗೆಲ್ಲ ಕಾಣುತ್ತದೆ. ಎರಡು ಕಡೆ ಮುಖದ ಕಲ್ಲು, ನಡುವೆ ಸಣ್ಣ ಕಲ್ಲು ಮತ್ತು ಸುಣ್ಣ ಸುರಿದು ತುಂಬಿದ್ದಾರೆ. ಅಪ್ಪ ಮಂಡಿಯೂರಿ ಕೂತು ಉಗುರಿನಿಂದ ಕೆರೆದರು. ಗಾರೆಯಲ್ಲಿ ಬಿಳಿ ಉಂಡೆಗಳು, ಹೆಸರುಕಾಳಿನಷ್ಟು ದಪ್ಪ. "ಇದು ಅರಳದೆ ಉಳ್ಕೊಂಡಿರೋ ಸುಣ್ಣ. ಬಿಸಿಬಿಸೀಲೇ ಕಲ್ಸಿ ಹಾಕವ್ರೆ. ಆತುರದ ಕೆಲ್ಸ. ಆದ್ರೂ ನೋಡು, ಹೆಂಗ್ ಹಿಡ್ಕೊಂಡದೆ." ಚೆನ್ನಾಗಿರುವ ಕೋಟೆಯಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಗೋಡೆಯ ಮುಖ ಮಾತ್ರ ನೋಡಿ ಬರುತ್ತೇವೆ.

ಮಧ್ಯಾಹ್ನ ಕಾರ್ಲೋ. ಇದನ್ನು ನೋಡಿ ಅಪ್ಪನಿಗೆ ನಿಜವಾಗಿಯೂ ಸಂಕಟವಾಯಿತು.

ಕಾರ್ಲೋ ಕೋಟೆಯನ್ನೂ 13ನೇ ಶತಮಾನದ ಮೊದಲಲ್ಲಿ ವಿಲಿಯಂ ಮಾರ್ಷಲ್ಲೇ ಕಟ್ಟಿಸಿದ್ದು. ನಾಲ್ಕು ಮೂಲೆಗೆ ನಾಲ್ಕು ದುಂಡು ಗೋಪುರ ಇದ್ದ ಗಟ್ಟಿ ಕಟ್ಟಡ. ಯುದ್ಧಗಳನ್ನು ದಾಟಿ, ಕ್ರಾಮ್‌ವೆಲ್‌ನ ಕಾಲವನ್ನೂ ದಾಟಿ ಆರುನೂರು ವರ್ಷ ನಿಂತಿತ್ತು. 1814ರಲ್ಲಿ ಮಿಡಲ್ಟನ್ ಅನ್ನುವ ಡಾಕ್ಟರ್ ಅದನ್ನು ಮಾನಸಿಕ ರೋಗಿಗಳ ಆಸ್ಪತ್ರೆ ಮಾಡಲು ಹೊರಟರು. ಗೋಡೆ ತುಂಬ ದಪ್ಪ, ಒಳಗೆ ಜಾಗ ಸಾಲದು. ತೆಳ್ಳಗೆ ಮಾಡೋಣ ಅಂತ ಮದ್ದು ಇಟ್ಟು ಸಿಡಿಸಿದರು. ಕೋಟೆಯ ಬಹುಪಾಲು ಕುಸಿದು ಬಿತ್ತು. ಈಗ ಇರುವುದು ಒಂದು ಕಡೆಯ ಗೋಡೆ, ಅದರ ಎರಡು ತುದಿಗೆ ಎರಡು ಗೋಪುರ.

ಅಪ್ಪ ಬೇಲಿಯ ಹೊರಗೆ ನಿಂತು ಅಷ್ಟನ್ನೂ ಕೇಳಿಸಿಕೊಂಡರು. "ಒಬ್ಬ ಮೇಸ್ತ್ರಿನಾದ್ರೂ ಕರ್ದು ಕೇಳ್ಬಾರ್ದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ದಪ್ಪ ಗೋಡೆಯಲ್ಲಿ ಭಾರ ಹೊರುವುದು ಬರೀ ಹೊರಗಿನ ಮುಖವಲ್ಲ, ಒಳಗೆ ತುಂಬಿದ ಕಲ್ಲು ಗಾರೆಯೂ ಹೊರುತ್ತದೆ. ಒಂದು ಮುಖ ಕಿತ್ತರೆ ಒಳಗಿನದು ಜಾರಿ ಸುರಿಯುತ್ತದೆ, ಆಮೇಲೆ ಇನ್ನೊಂದು ಮುಖಕ್ಕೆ ಆಸರೆ ಇರುವುದಿಲ್ಲ. ಬೆಳಿಗ್ಗೆ ಡನಮೇಸ್‌ನಲ್ಲಿ ಬಿದ್ದ ಗೋಡೆಯ ಹೊಟ್ಟೆ ನೋಡಿದ್ದರಿಂದ ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಕಾರ್ಲೋ ಪುಟದಲ್ಲಿ ಅಪ್ಪ ಮೊಳದ ಲೆಕ್ಕ ಬರೆಯಲಿಲ್ಲ. "ಮದ್ದು" ಅಂತ ಒಂದೇ ಪದ ಬರೆದರು.

ರಾತ್ರಿ ಕಿಲ್‌ಕೆನಿಯಲ್ಲಿ ತಂಗಿದೆವು.

ಮೂರನೇ ದಿನ: ಮಳೆ, ಕೆಲ್ಸ್, ಕ್ಯಾಶೆಲ್

ಬೆಳಿಗ್ಗೆಯಿಂದ ಮಳೆ. ಜೋರು ಮಳೆಯಲ್ಲ, ಸೋನೆ. ಆದರೆ ಬಿಡುವುದೇ ಇಲ್ಲ. ಕಿಲ್‌ಕೆನಿಯಿಂದ ದಕ್ಷಿಣಕ್ಕೆ ಸಣ್ಣ ರಸ್ತೆ ಹಿಡಿದೆವು. ನಡುವೆ ದಾರಿ ತಪ್ಪಿ, ಮಧ್ಯದಲ್ಲಿ ಹುಲ್ಲು ಬೆಳೆದ ಒಂದು ಓಣಿಗೆ ಸೇರಿದೆ. ಎದುರಿಗೆ ಟ್ರಾಕ್ಟರ್. ಎರಡು ಕಡೆಯೂ ಆಳೆತ್ತರದ ಬೇಲಿ. ನೂರು ಮೀಟರ್ ಹಿಂದಕ್ಕೆ ಓಡಿಸಬೇಕಾಯಿತು. ಟ್ರಾಕ್ಟರಿನವರು ಹಾದು ಹೋಗುವಾಗ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳಿದರು. ಹಳ್ಳಿ ರಸ್ತೆಗಳಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಅಪ್ಪ ಅವತ್ತಿನಿಂದ ಎದುರು ಬಂದ ಪ್ರತಿ ಗಾಡಿಗೂ ಕೈಯೆತ್ತಿದರು.

ಕೆಲ್ಸ್ ಪ್ರಯರಿ ಹೆಸರಿಗೆ ಮಠ. 1193ರಲ್ಲಿ ಶುರುವಾದ ಅಗಸ್ಟೀನಿಯನ್ ಪಂಥದವರ ಮಠ. ನೋಡಿದರೆ ಥೇಟ್ ಕೋಟೆ. ಸುಮಾರು 3 ಎಕರೆಯ ಸುತ್ತ ಗೋಡೆ, ಗೋಡೆಯುದ್ದಕ್ಕೂ ಗೋಪುರಗಳು. ಸುತ್ತಮುತ್ತಲಿನವರು ಇದನ್ನು ಏಳು ಕೋಟೆ ಅಂತಲೇ ಕರೆಯುತ್ತಾರೆ. ದೇವರ ಕೆಲಸ ಮಾಡುವವರಿಗೂ ಇಷ್ಟು ಗೋಡೆ ಬೇಕಾಗಿತ್ತು ಅಂದರೆ ಕಾಲ ಹೇಗಿತ್ತು ಅಂತ ಊಹಿಸಿಕೊಳ್ಳಬಹುದು. 1540ರಲ್ಲಿ ಎಂಟನೇ ಹೆನ್ರಿಯ ಕಾಲಕ್ಕೆ ಮಠ ಮುಚ್ಚಿತು. ಈಗ ಅಲ್ಲಿ ಕುರಿಗಳೇ ಇರುವುದು. ನಾವಿಬ್ಬರೂ ಒಂದು ಗೋಪುರದ ಬಾಗಿಲಲ್ಲಿ ಮಳೆಗೆ ನಿಂತೆವು. ಒಂದು ತಾಯಿ ಕುರಿ ಎರಡು ಮರಿ ಕರೆದುಕೊಂಡು ಪಕ್ಕದಲ್ಲೇ ಬಂದು ನಿಂತಿತು. ಒದ್ದೆ ಉಣ್ಣೆಯ ವಾಸನೆ, ಒದ್ದೆ ಸುಣ್ಣದ ವಾಸನೆ. ಅರ್ಧ ಗಂಟೆ ಯಾರೂ ಬರಲಿಲ್ಲ. ಈ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಅರ್ಧ ಗಂಟೆ ಅದು.

ಸಂಜೆ ಕ್ಯಾಶೆಲ್ ಬಂಡೆ. ಮನ್‌ಸ್ಟರ್ ರಾಜರ ಗದ್ದುಗೆ ಇದ್ದ ಜಾಗ. 1101ರಲ್ಲಿ ರಾಜರು ಅದನ್ನು ಚರ್ಚಿಗೆ ಬಿಟ್ಟುಕೊಟ್ಟರು. 28 ಮೀಟರ್ ಎತ್ತರದ ದುಂಡು ಗೋಪುರ, 1134ರಲ್ಲಿ ಪ್ರತಿಷ್ಠೆಯಾದ ಕಾರ್ಮಕ್‌ನ ಚಾಪೆಲ್, ಸೂರಿಲ್ಲದ ದೊಡ್ಡ ಕೆಥೆಡ್ರಲ್ ಎಲ್ಲ ಒಂದೇ ಬಂಡೆಯ ಮೇಲಿವೆ. ಬಸ್ಸುಗಟ್ಟಲೆ ಜನ ಬಂದಿದ್ದರು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಕೆಲ್ಸ್ ನೋಡಿ ಬಂದ ಮೇಲೆ ಆ ಗದ್ದಲ ನಮಗೆ ಹಿಡಿಸಲಿಲ್ಲ. ಕಾಲು ಒದ್ದೆಯಾಗಿತ್ತು, ಬೇಗ ಇಳಿದು ಬಿಸಿ ಸೂಪ್ ಕುಡಿದೆವು. ಜೊತೆಗೆ ಕಂದು ಬಣ್ಣದ ಸೋಡಾ ಬ್ರೆಡ್. ಗೋಧಿ ಹಿಟ್ಟು, ಮಜ್ಜಿಗೆ, ಸೋಡಾ ಹಾಕಿ ಮಾಡುತ್ತಾರೆ, ಈಸ್ಟ್ ಹಾಕುವುದಿಲ್ಲ. ಅಪ್ಪನಿಗೆ ಬಿಳಿ ಬ್ರೆಡ್ ಸೇರುವುದಿಲ್ಲ, ಇದನ್ನು ಮಾತ್ರ ಕೇಳಿ ಹಾಕಿಸಿಕೊಂಡು ತಿಂದರು.

ನಾಲ್ಕನೇ ದಿನ: ಕಾಹಿರ್, ಆಮೇಲೆ ಕ್ಲೇರ್

ಬೆಳಿಗ್ಗೆ ಹತ್ತಿರದ ಕಾಹಿರ್ ನೋಡಿಕೊಂಡು ಮುಂದೆ ಹೊರಟೆವು. ಇದು ಪಾಳು ಬಿದ್ದಿಲ್ಲ. ಶೂರ್ ನದಿಯ ನಡುಗಡ್ಡೆಯ ಮೇಲಿದೆ. ಮೇಲಿಂದ ಕೆಳಗಿಳಿಯುವ ಸರಳಿನ ಬಾಗಿಲು ಇನ್ನೂ ಕೆಲಸ ಮಾಡುತ್ತದೆ. 1599ರಲ್ಲಿ ಇಂಗ್ಲಿಷ್ ಸೇನಾಪತಿ ಎಸೆಕ್ಸ್‌ನ ಅರ್ಲ್ ಫಿರಂಗಿ ಹೊಡೆದು ಇದನ್ನು ಹಿಡಿದ. ಒಂದು ಗುಂಡು ಈಗಲೂ ಗೋಡೆಯಲ್ಲಿ ಸಿಕ್ಕಿಕೊಂಡಿದೆ. 1650ರಲ್ಲಿ ಕ್ರಾಮ್‌ವೆಲ್ ಬಂದಾಗ ಒಳಗಿದ್ದವರು ಕಾದಾಡದೆ ಬಿಟ್ಟುಕೊಟ್ಟರು. ಅದಕ್ಕೇ ಇದು ಉಳಿಯಿತು, ಅದೇ ವರ್ಷ ಡನಮೇಸ್ ಹೋಯಿತು.

ಲಿಮರಿಕ್ ದಾಟಿ ಕ್ಲೇರ್ ಕೌಂಟಿಗೆ ಬಂದರೆ ನೆಲವೇ ಬದಲಾಗುತ್ತದೆ. ಮಣ್ಣು ಕಡಿಮೆ, ಎಲ್ಲ ಕಡೆ ಬೂದು ಬಣ್ಣದ ಸುಣ್ಣಕಲ್ಲು. ಕಲ್ಲಿನ ಸಂದಿಯಲ್ಲಿ ಹೇಝಲ್ ಪೊದೆ. ಗೋಪುರ ಮನೆಗಳು ಜಾಸ್ತಿ ಇರುವ ಸೀಮೆಗಳಲ್ಲಿ ಇದೂ ಒಂದು.

ಗೋಪುರ ಮನೆ ಅಂದರೆ ರಾಜರ ಕೋಟೆಯಲ್ಲ. ಒಂದು ಕುಟುಂಬ ಇರುವ ನಾಲ್ಕೈದು ಅಂತಸ್ತಿನ ಕಲ್ಲಿನ ಮನೆ. ಮೊದಮೊದಲು ಇಂಗ್ಲಿಷರ ಹಿಡಿತದ ಡಬ್ಲಿನ್ ಸುತ್ತಲಿನ ಕೌಂಟಿಗಳಲ್ಲಿ ಇದಕ್ಕೆ ಸರ್ಕಾರವೇ ದುಡ್ಡು ಕೊಡುತ್ತಿತ್ತು. 1429ರ ಒಂದು ಕಾನೂನಿನ ಪ್ರಕಾರ 20 ಅಡಿ ಉದ್ದ, 16 ಅಡಿ ಅಗಲ, 40 ಅಡಿ ಎತ್ತರ ಕಟ್ಟಿದರೆ 10 ಪೌಂಡ್. ಪಶ್ಚಿಮದ ಕಡೆ ಐರಿಶ್ ಮನೆತನಗಳು ತಮ್ಮ ದುಡ್ಡಲ್ಲೇ, ಇನ್ನೂ ದೊಡ್ಡದಾಗಿ ಕಟ್ಟಿಕೊಂಡವು.

ನಾವು ಹತ್ತಿದ ಗೋಪುರದ ಹೆಸರು ಬರೆಯುವುದಿಲ್ಲ. ಅದು ಒಬ್ಬ ರೈತರ ಹೊಲದಲ್ಲಿದೆ, ಅವರ ಮನೆಗೆ ಹೋಗಿ ಕೇಳಿ ಒಳಗೆ ಹೋಗಿದ್ದು. ಇಲ್ಲಿ ಇದು ಮುಖ್ಯ. ತುಂಬ ಗೋಪುರಗಳು ಖಾಸಗಿ ಜಮೀನಿನಲ್ಲಿವೆ, ಕೇಳದೆ ಬೇಲಿ ಹಾರಬಾರದು. ಅವರು ಮೊಣಕಾಲವರೆಗಿನ ರಬ್ಬರ್ ಬೂಟ್ ಹಾಕಿಕೊಂಡು ಹೊರಗೆ ಬಂದರು. ಹೋಗಿ, ದನ ಇವೆ, ಗೇಟ್ ಮಾತ್ರ ಹಾಕಿಕೊಂಡು ಹೋಗಿ ಅಂದರು. ಅಪ್ಪನ ಕೆಲಸ ಏನು ಅಂತ ಹೇಳಿದ ಮೇಲೆ ತಾವೂ ಜೊತೆಗೆ ಬಂದರು.

ಬಾಗಿಲು ದಾಟಿ ಒಳಗೆ ಕಾಲಿಟ್ಟ ತಕ್ಷಣ ತಲೆ ಮೇಲೆ ಒಂದು ಚೌಕದ ಕಂಡಿ. ಒಳಗೆ ನುಗ್ಗಿದವರ ಮೇಲೆ ಕಲ್ಲು ಹಾಕುವುದಕ್ಕೆ. ಪಕ್ಕದಲ್ಲಿ ಸುರುಳಿ ಮೆಟ್ಟಿಲು, ಬಲಕ್ಕೆ ತಿರುಗಿಕೊಂಡು ಮೇಲೇರುತ್ತದೆ. ಮೆಟ್ಟಿಲಿನ ಎತ್ತರ ಒಂದೊಂದೂ ಬೇರೆ. ಅಪ್ಪ ಗೋಡೆ ಹಿಡಿದು ನಿಧಾನಕ್ಕೆ ಹತ್ತಿದರು. ನಾನು ಹಿಂದೆ ಟಾರ್ಚ್ ಹಿಡಿದುಕೊಂಡಿದ್ದೆ.

ಮೊದಲ ಮಹಡಿಯ ಕಮಾನು ಚಾವಣಿ ಇನ್ನೂ ಗಟ್ಟಿಯಾಗಿತ್ತು. ಟಾರ್ಚ್ ಮೇಲಕ್ಕೆ ಹಿಡಿದೆ. ಗಾರೆಯ ಮೇಲೆಲ್ಲ ಹೆಣಿಗೆಯ ಅಚ್ಚು. ಒಂದು ಕಡ್ಡಿ ಮೇಲೆ, ಒಂದು ಕಡ್ಡಿ ಕೆಳಗೆ, ಮತ್ತೆ ಮೇಲೆ. ಇಡೀ ಚಾವಣಿಯೇ ಒಂದು ದೊಡ್ಡ ಮಂಕರಿಯನ್ನು ಬೋರಲು ಹಾಕಿದ ಹಾಗೆ.

"ಸೆಂಟ್ರಿಂಗು!" ಅಂತ ಅಪ್ಪ ಕೂಗಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ಐದು ದಿನದಲ್ಲಿ ಅದೊಂದೇ ಸಲ. "ಹಲಗೆ ಇಲ್ದೆ ಚಾಪೆ ಹೆಣೆದು ಸೆಂಟ್ರಿಂಗ್ ಮಾಡವ್ರೆ ಕಣವ್ವ!"

ಹೌದು, ಹಾಗೇ ಮಾಡುತ್ತಿದ್ದರು. ಮರದ ಚೌಕಟ್ಟು ನಿಲ್ಲಿಸಿ, ವಿಲ್ಲೋ ಅಥವಾ ಹೇಝಲ್ ಕಡ್ಡಿಯಿಂದ ಹೆಣೆದ ಚಾಪೆಯನ್ನು ಅದರ ಮೇಲೆ ಬಾಗಿಸಿ ಹಾಸುವುದು. ಮೇಲೆ ಗಾರೆ ಹರಡಿ, ಚಪ್ಪಟೆ ಕಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಾಗಿ ಜೋಡಿಸುವುದು. ಗಾರೆ ಹಿಡಿದ ಮೇಲೆ ಚೌಕಟ್ಟು ಬಿಚ್ಚುವುದು. ಚಾಪೆ ಕೊಳೆತು ಹೋಗುತ್ತದೆ, ಅಚ್ಚು ಉಳಿಯುತ್ತದೆ. ಐರ್ಲೆಂಡಿನ ಗೋಪುರ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಅಚ್ಚು ಇಲ್ಲದ ಕಮಾನು ಸಿಕ್ಕರೆ ಆಶ್ಚರ್ಯ. ಒಂದು ಮೂಲೆಯಲ್ಲಿ ಬೆರಳು ಗಾತ್ರದ ಒಂದು ಕಡ್ಡಿ ಇನ್ನೂ ಗಾರೆಯಲ್ಲೇ ಕಚ್ಚಿಕೊಂಡಿತ್ತು. ಅದರ ತೊಗಟೆ ಕೂಡ ಕಾಣುತ್ತಿತ್ತು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಐದು ದಿನದಲ್ಲಿ ಅವರು ಮುಟ್ಟದೆ ಬಿಟ್ಟಿದ್ದು ಅದೊಂದನ್ನೇ.

ಕೆಳಗಿಳಿದ ಮೇಲೆ ರೈತರು ಹೊಲದ ತುದಿಯಲ್ಲಿದ್ದ ಸುಣ್ಣದ ಗೂಡು ತೋರಿಸಿದರು. ಅದು ಗೋಪುರದ ಕಾಲದ್ದಲ್ಲ, ಎಷ್ಟೋ ಆಮೇಲಿನದು. ಸುಣ್ಣ ಸುಟ್ಟು ಹೊಲಕ್ಕೆ ಹಾಕುತ್ತಿದ್ದರಂತೆ, ಹುಲ್ಲು ಚೆನ್ನಾಗಿ ಬರಲಿ ಅಂತ. ಅಪ್ಪ ಗೂಡಿನ ಬಾಯಿಗೆ ಬಗ್ಗಿ ನೋಡಿ, ಕಲ್ಲು ಎಲ್ಲಿಂದ ಹಾಕುವುದು, ಬೆಂಕಿ ಎಲ್ಲಿ, ಸುಣ್ಣ ಎಲ್ಲಿ ತೆಗೆಯುವುದು ಅಂತ ಕೈಯಲ್ಲೇ ತೋರಿಸಿದರು. ರೈತರು ತಲೆ ಆಡಿಸಿದರು. ಇಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ.

ಎನ್ನಿಸ್‌ಗೆ ಹೋಗುವ ಮೊದಲು ಲೆಮನೇ ಕೋಟೆಯನ್ನು ರಸ್ತೆಯಿಂದಲೇ ನೋಡಿದೆವು, ಅದೂ ಖಾಸಗಿ ಜಾಗ. ಬಲಗಡೆ 15ನೇ ಶತಮಾನದ ಗೋಪುರ, ಅದರಲ್ಲಿ ಸಣ್ಣ ಸೀಳು ಕಿಟಕಿ. ಅದಕ್ಕೇ ಅಂಟಿಕೊಂಡು 17ನೇ ಶತಮಾನದ ಮನೆ, ಅದರ ತುಂಬ ದೊಡ್ಡ ದೊಡ್ಡ ಕಿಟಕಿ. ಆ ಮನೆಯ ಒಡತಿ ಮೋರಾ ರೂಆ ಓಬ್ರಿಯನ್, ಅಂದರೆ ಕೆಂಗೂದಲಿನ ಮೇರಿ. 1651ರಲ್ಲಿ ಗಂಡ ಕಾನರ್ ಕ್ರಾಮ್‌ವೆಲ್ ಕಡೆಯವರ ಜೊತೆ ಕಾದಾಡಿ ಸತ್ತ. ಮಗನ ಆಸ್ತಿ ಉಳಿಸಲು ಅವಳು ಅದೇ ಕಡೆಯ ಒಬ್ಬ ಅಧಿಕಾರಿಯನ್ನು ಮದುವೆಯಾದಳು. ಅವಳ ಬಗ್ಗೆ ಊರವರು ಭಯಂಕರ ಕತೆಗಳನ್ನು ಹೇಳುತ್ತಾರೆ. ನನಗೆ ಅವುಗಳ ಮೇಲೆ ನಂಬಿಕೆಯಿಲ್ಲ. ಆಸ್ತಿ ಬಿಟ್ಟುಕೊಡದ ಹೆಂಗಸಿನ ಮೇಲೆ ಇಂಥ ಕತೆ ಎಲ್ಲ ಊರಲ್ಲೂ ಹುಟ್ಟುತ್ತವೆ.

ಐದನೇ ದಿನ: ರಾಸ್‌ಕಾಮನ್

ವಾಪಸು ಡಬ್ಲಿನ್ ಕಡೆಗೆ. ದಾರಿಯಲ್ಲಿ ಕಿನ್ವಾರಾ ಹತ್ತಿರ ಸಮುದ್ರದಂಚಿನ ಡನ್‌ಗ್ವಾಯರ್ ಗೋಪುರದ ಮುಂದೆ ಚಹಾ ಕುಡಿದು, ಫೋಟೋ ತೆಗೆದು ಹೊರಟೆವು. ರಿಪೇರಿ ಮಾಡಿ ಚೆಂದ ಇಟ್ಟಿದ್ದಾರೆ. ಅಪ್ಪ ಕಾರಿನಿಂದ ಇಳಿದರೂ ಡೈರಿ ತೆಗೆಯಲಿಲ್ಲ.

ರಾಸ್‌ಕಾಮನ್ ತಲುಪಿದಾಗ ಸಂಜೆ. ಊರಾಚೆ ಹುಲ್ಲುಗಾವಲಿನಲ್ಲಿ ದೊಡ್ಡ ಚೌಕದ ಕೋಟೆ. ಮೂಲೆಗೆ ಗೋಪುರಗಳು, ಹೆಬ್ಬಾಗಿಲ ಎರಡು ಕಡೆ ಅರ್ಧ ದುಂಡು ಗೋಪುರಗಳು. 1269ರಲ್ಲಿ ಇಂಗ್ಲಿಷ್ ರಾಜನ ಪರವಾಗಿ ರಾಬರ್ಟ್ ಡಿ ಅಫರ್ಡ್ ಕಟ್ಟಲು ಶುರು ಮಾಡಿದ. ಮೂರೇ ವರ್ಷದಲ್ಲಿ, 1272ರಲ್ಲಿ, ಕಾನಾಟ್‌ನ ಐರಿಶ್ ರಾಜ ಹ್ಯೂ ಓಕಾನರ್ ಬಂದು ಕೆಡವಿದ. ಮತ್ತೆ ಕಟ್ಟಿದರು. ಮುಂದಿನ ಶತಮಾನದಲ್ಲಿ ಅದೇ ಓಕಾನರ್ ಮನೆತನದ ಕೈಗೆ ಬಂದು ಇನ್ನೂರು ವರ್ಷ ಅವರಲ್ಲೇ ಉಳಿಯಿತು. 1578ರ ನಂತರ ನಿಕೊಲಸ್ ಮಾಲ್ಬಿ ಅನ್ನುವ ಇಂಗ್ಲಿಷ್ ಅಧಿಕಾರಿ ಇಲ್ಲಿಗೆ ಬಂದು, ದಪ್ಪ ಗೋಡೆ ಕೊರೆಸಿ ದೊಡ್ಡ ಕಿಟಕಿಗಳನ್ನು ಇಡಿಸಿದ.

ಅಪ್ಪ ಆ ಕಿಟಕಿಗಳ ಕೆಳಗೆ ತುಂಬ ಹೊತ್ತು ಕಳೆದರು. ಹಳೇ ಗೋಡೆ ಎಲ್ಲಿ ಕತ್ತರಿಸಿದ್ದಾರೆ, ಹೊಸ ಕಲ್ಲು ಎಲ್ಲಿ ಕಚ್ಚಿಸಿದ್ದಾರೆ, ಮೇಲಿನ ಭಾರವನ್ನು ಯಾವ ಕಮಾನಿಗೆ ದಾಟಿಸಿದ್ದಾರೆ ಅಂತ ಒಂದೊಂದಾಗಿ ತೋರಿಸಿದರು. "ಇವ್ನು ಮೇಸ್ತ್ರಿನ ಕೇಳವ್ನೆ. ಮೊದ್ಲು ಮೇಲಕ್ಕೆ ಆಸರೆ ಕೊಟ್ಟು, ಆಮೇಲೆ ಕೆಳಗೆ ತೆಗ್ಸವ್ನೆ." ಕಾರ್ಲೋ ಅವರ ಮನಸ್ಸಿನಿಂದ ಹೋಗಿರಲಿಲ್ಲ ಅಂತ ಆಗ ಗೊತ್ತಾಯಿತು. ಡೈರಿ ತೆಗೆದು ಎರಡು ಪುಟ ತುಂಬ ಆ ಕಿಟಕಿಯ ಚಿತ್ರ ಬರೆದುಕೊಂಡರು. ಹೆಬ್ಬಾಗಿಲ ಗೋಡೆಯನ್ನು ಅಳೆದು ಮೊಳದ ಲೆಕ್ಕವನ್ನೂ ಬರೆದರು.

ಎಂಟೂವರೆ ಆಗಿತ್ತು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಪಕ್ಕದ ಪಾರ್ಕಿನಲ್ಲಿ ಮಕ್ಕಳು ಆಡುತ್ತಿದ್ದರು. ಹೊರಡೋಣ, ಡಬ್ಲಿನ್‌ಗೆ ಇನ್ನೂ ಎರಡು ಗಂಟೆ ದಾರಿ ಅಂದೆ. ಅಪ್ಪ ಕೈಸನ್ನೆ ಮಾಡಿ ನಿಲ್ಲಿಸಿದರು. ಗೋಪುರದ ಮೇಲ್ಗಡೆ, ಎರಡನೇ ಸಾಲಿನ ಸಾರುವೆ ತೂತಿನ ಹತ್ತಿರ ಕಾಗೆ ಜಾತಿಯ ಒಂದು ಸಣ್ಣ ಹಕ್ಕಿ ಬಂದು ಕೂತಿತ್ತು. ಜಾಕ್‌ಡಾ ಅಂತಾರೆ, ಕತ್ತಿನ ಹತ್ತಿರ ಬೂದು ಬಣ್ಣ. ಬಾಯಲ್ಲಿ ಏನೋ ಹಿಡಿದಿತ್ತು. ಸುತ್ತ ನೋಡಿ ಒಳಗೆ ಹೋಯಿತು. ಒಳಗಿಂದ ಮರಿಗಳ ಕೂಗು ಕೇಳಿತು.

"ಮುಚ್ದೆ ಬುಟ್ಟಿದ್ದು ಒಳ್ಳೇದಾಯ್ತು," ಅಂದರು ಅಪ್ಪ. ಪೆನ್ಸಿಲ್ ಜೇಬಿಗೆ ಹಾಕಿಕೊಂಡರು. ಹಕ್ಕಿ ಹೊರಗೆ ಬರುವವರೆಗೂ ಅಲ್ಲೇ ನಿಂತಿದ್ದೆವು.